ಇತರೆ

ಅರಸೀಕೆರೆ ಪಶು ಆಸ್ಪತ್ರೆಯ ರಿಜಿಸ್ಟರಿನಲ್ಲಿ
ದನಕ್ಕೊಂದು ಕಾಲಂ ಇದೆ, ಎಮ್ಮೆಗೆ, ಕುರಿಗೆ, ಮೇಕೆಗೆ,
ಹೋದ ವರ್ಷದಿಂದ ನಾಯಿಗೂ ಒಂದು.
ಉಳಿದದ್ದೆಲ್ಲ ಇತರೆ.
ಹನ್ನೊಂದು ವರ್ಷದಲ್ಲಿ ನಾನು ಅಲ್ಲಿ
ಗಿಳಿ ಬರೆದಿದ್ದೇನೆ, ಆಮೆ ಬರೆದಿದ್ದೇನೆ,
ಒಂದು ಸಲ ಸರ್ಕಸ್ಸಿನ ಒಂಟೆ.

ಒಂಬತ್ತೂವರೆಗೆ ತಸ್ಕೀನ್ ಬಂದಳು, ಆರನೇ ಕ್ಲಾಸು.
ತರಕಾರಿ ಚೀಲದಿಂದ ಎರಡು ಕಿವಿ ಹೊರಗೆ.
"ಏನಮ್ಮಾ ಪ್ರಾಣಿ?"
"ಖರ್ಗೋಶ್."
ಹಾಗಂದರೆ ಕತ್ತೆಕಿವಿ ಅಂತ ದಾದಾ ಹೇಳಿದ್ದರಂತೆ.
ಅದನ್ನು ಮಾತ್ರ ಪಿಸುಗುಟ್ಟಿದಳು,
ಚೀಲಕ್ಕೆ ಕೇಳಿಸಬಾರದು.

ಬೆಂಚಿನ ಮೇಲೆ ಮೇಕೆ ಹಿಡಿದು ಕೂತಿದ್ದ ಕೆಂಚಯ್ಯ
ಮುಖ ಗೋಡೆಗೆ ತಿರುಗಿಸಿದ.
ಬೆಳಬೆಳಗ್ಗೆ ಅದರ ಹೆಸರೆತ್ತಿದರೆ ಹೊರಟ ಕೆಲಸ ಕೆಡುತ್ತದೆ.
ಬಲೆ ಹೆಗಲಿಗೆ ಹಾಕಿಕೊಂಡಿದ್ದ ಕಾಲದಲ್ಲಿ
ಅದು ಬರೀ 'ಹೊಲದೋನು',
ಬಲೆಗೆ ಬಿದ್ದ ಮೇಲೆ 'ಬಾಡು',
ಫಾರೆಸ್ಟಿನವರು ಜೀಪಿನಲ್ಲಿ ಬರತೊಡಗಿದ ಮೇಲೆ
'ನಾಕ್ ಕಾಲಿನ ಕೋಳಿ'.
"ಮೊಲ ಅಂತ ಅಂದಿದ್ದು ಇಸ್ಕೂಲಲ್ಲೇ ಕಣಪ್ಪ,
ಆಮೆ ಜತೆ ಓಡುಸ್ತಿದ್ರಲ್ಲ, ಅವಾಗ."

ರೈಲ್ವೆ ಕ್ವಾರ್ಟರ್ಸಿನ ಪೊನ್ನಮ್ಮಾಳ್, ಕಂಕುಳಲ್ಲಿ ಕೋಳಿ:
"ಅಯ್ಯೋ, ಮುಯಲ್!"
ಹೋಟೆಲಿನ ತನಿಯಪ್ಪಣ್ಣ, ಕಾಲ ಬುಡದಲ್ಲಿ ನಾಯಿ:
"ನಮ್ಮಲ್ಲಿ ಮುಯೆರು."
ಇಬ್ಬರೂ ನೆಂಟರ ಹಾಗೆ ನಕ್ಕರು.
ಅವರಿಬ್ಬರ ಬಾಯಲ್ಲಿ ಇನ್ನೂ ಇರುವ ಆ 'ಯ'
ನಮ್ಮ ಮೊಲದಿಂದ ಯಾವಾಗ, ಯಾವ ಬೇಲಿ ಸಂದಿಯಲ್ಲಿ
ನುಸುಳಿ ಹೋಯಿತೋ.

ತಸ್ಕೀನ್ ಚೀಟಿ ಬರೆದುಕೊಟ್ಟಳು:
ಒಂದು ಬಿಳಿ ಮೊಳ.
ಕೆಂಪು ಪೆನ್ನು ಕೈಗೆ ಬಂದಿತ್ತು. ತಿದ್ದಲಿಲ್ಲ.
ಅವಳ ಮೊಣಕೈಗೆ ತಲೆಯಿಟ್ಟು
ನಡುಬೆರಳ ತುದಿಗೆ ಕಾಲು ಚಾಚಿ ಮಲಗಿದ್ದ ಅದು
ಹೂವಾಡಗಿತ್ತಿ ಅಳೆದುಕೊಟ್ಟ ಹಾಗೆ
ಸರಿಯಾಗಿ ಒಂದು ಮೊಳವೇ ಇತ್ತು.

ಬೆಕ್ಕು ಕಚ್ಚಿ ನಾಲ್ಕು ದಿನ.
ಹಿಂದಿನ ಎಡಗಾಲು ಕಪ್ಪಗಾಗಿತ್ತು.
ಡಾಕ್ಟರು ಬಗ್ಗಿ ಮೂಸಿ ನೋಡಿದರು, ತಲೆಯಾಡಿಸಿದರು.
ಅವರ ಹೆಸರು ಶಶಿಕಲಾ.
ಹನ್ನೊಂದು ವರ್ಷ ಆ ಹೆಸರಿನ ಕೆಳಗೆ ಸೀಲು ಒತ್ತಿದ್ದೇನೆ,
ಅದರೊಳಗೆ ಚಂದ್ರ, ಚಂದ್ರನೊಳಗೆ ಇದು
ಮುದುರಿ ಕೂತಿರುವುದು
ಅವರು ಗ್ಲೌಸು ಹಾಕಿಕೊಳ್ಳುವಾಗ ಹೊಳೆಯಿತು.
ಹೇಳಲು ಅದು ಹೊತ್ತಲ್ಲ.

ಒಳಗೆ ಮುಕ್ಕಾಲು ಗಂಟೆ.

ಬಟ್ಟೆ ಸುತ್ತಿ ಹೊರಗೆ ತಂದಾಗ
ಬೆಂಚಿನಲ್ಲಿ ಯಾರೂ ಆ ಗಾದೆ ಎತ್ತಲಿಲ್ಲ.
ಎಲ್ಲರ ನಾಲಿಗೆಯ ತುದಿಯಲ್ಲೂ ಅದೇ ಇತ್ತು, ನೋಡಿದರೆ ಗೊತ್ತಾಗುತ್ತಿತ್ತು.
ನನ್ನ ಹೆಂಡತಿ ಮದುವೆಯಾದಾಗಿನಿಂದ ನನಗೆ ಅನ್ನುತ್ತಾಳೆ,
ನೀವು ಹಿಡಿದ ಮೊಲಕ್ಕೆ ಮೂರೇ ಕಾಲು ಅಂತ.
ಪಡಿತರ ಚೀಟಿಯ ವಿಚಾರ, ಅವಳ ತಮ್ಮನ ಸೈಟಿನ ವಿಚಾರ,
ಸಾರಿಗೆ ಹುಣಸೆ ಮೊದಲೋ ಉಪ್ಪು ಮೊದಲೋ.
ಈಗ ಕಣ್ಣೆದುರು ಎಣಿಸಿದೆ. ಮೂರೇ.
ಗೆದ್ದ ಹಾಗೆ ಅನ್ನಿಸಲಿಲ್ಲ.

"ಮೂರು ಕಾಲಲ್ಲೂ ಚೆನ್ನಾಗಿ ಕುಪ್ಪಳಿಸುತ್ತೆ," ಅಂದೆ.
"ನಾಲ್ಕು," ಅಂದಳು ತಸ್ಕೀನ್.
"ಇಲ್ಲ ನೋಡಮ್ಮಾ..."
"ನಾಲ್ಕೇ. ಒಂದು ಒಳಗೆ ನಿಮ್ಮ ಹತ್ರ ಇದೆ."

ಪುಣ್ಯಕ್ಕೆ ರಿಜಿಸ್ಟರಿನಲ್ಲಿ ಕಾಲಿಗೆ ಕಾಲಂ ಇಲ್ಲ.
ಪ್ರಾಣಿಯ ಹೆಸರು? ಕೇಳಲೇಬೇಕು.
"ಇನ್ನೂ ಇಟ್ಟಿಲ್ಲ. ನೀವೆಲ್ಲ ಅಷ್ಟೊಂದು ಕರೆದ್ರಲ್ಲ,
ಒಂದಕ್ಕೂ ತಿರುಗಲಿಲ್ಲ."
ಅಂದವಳೇ ನಾಲಿಗೆಯನ್ನು ಅಂಗುಳಕ್ಕೆ ಒತ್ತಿ
ಒಂದು ಸದ್ದು ಮಾಡಿದಳು, ತೆಂಗಿನಗರಿಯಿಂದ
ಹನಿ ಡಬ್ಬಿಯ ಮೇಲೆ ಬಿದ್ದಂಥದು.
ಮತ್ತಿನಲ್ಲಿದ್ದ ಎರಡೂ ಕಿವಿ
ನಿಧಾನ ಅವಳ ಕಡೆ ಹೊರಳಿದವು.

ಪೆನ್ನು ಹಿಡಿದು ಕೂತೆ.
ಅಆಇಈಯಿಂದ ಳಕಾರದವರೆಗೆ ಹುಡುಕಿದೆ.
ಅಷ್ಟರಲ್ಲಿ ಕೆಂಚಯ್ಯನ ಮೇಕೆ
ಅವಳ ಚೀಟಿಯನ್ನು ತಿಂದು ಮುಗಿಸಿತ್ತು.